ಮಾತು ಮುಗಿಸುವ ಅಪ್ಪ

ಮೂರನೇ ತರಗತಿಯ ಕೋಣೆಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ತಂದೆತಾಯಂದಿರು ಮಕ್ಕಳ ತರಗತಿ ನೋಡಲು ಬರುವ ದಿನ. ಪ್ರತಿ ಮಗುವೂ ತಾನು ಮಾಡಿದ್ದನ್ನು ಮೇಜಿನ ಮೇಲಿಟ್ಟು ಬಂದವರಿಗೆ ವಿವರಿಸಬೇಕು. ಪುಟ್ಟಿಯ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಅದರ ತುಂಬ ಮಣ್ಣು, ಮಣ್ಣಲ್ಲಿ ಇರುವೆಗಳು. ಪಕ್ಕದಲ್ಲಿ ಅವಳ ಅಪ್ಪ, ಇರುವೆಗಳಿಗಿಂತ ಹೆಚ್ಚು ಚಡಪಡಿಸುತ್ತ ನಿಂತಿದ್ದ.

ಅವನು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಅಲ್ಲಿ ಮಾತಿನ ನಡುವೆ ಉಸಿರು ಎಳೆದುಕೊಂಡರೆ ಕೊಳ್ಳುವವರು ಪಕ್ಕದ ರಾಶಿಗೆ ಹೋಗಿಬಿಡುತ್ತಾರೆ. ಇಂಥವನ ಮಗಳಿಗೆ ಮಾತು ತೊದಲುತ್ತಿತ್ತು. ಅವಳು ಒಂದಕ್ಷರದಲ್ಲಿ ಸಿಕ್ಕಿಕೊಂಡರೆ ಸಾಕು, ಉಳಿದದ್ದನ್ನು ಅಪ್ಪನೇ ಹೇಳಿ ಮುಗಿಸುತ್ತಿದ್ದ. ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಮನೆಯಲ್ಲಿ ಊಟಕ್ಕೆ ಕೂತಾಗ ಕೂಡ.

ಕನ್ನಡಕದ ಹೆಂಗಸೊಬ್ಬರು ಬಗ್ಗಿ ನೋಡಿ, "ಇವುಗಳಲ್ಲಿ ರಾಣಿ ಯಾವುದಮ್ಮ?" ಎಂದರು.

"ಇ... ಇ... ಇದ..."

"ಇದೇ ನೋಡಿ ಮೇಡಂ, ಈ ದಪ್ಪಗಿರೋದು," ಅಪ್ಪ ಗಾಜಿನ ಮೇಲೆ ಬೆರಳಿಟ್ಟ. "ಎಲ್ಲಾ ಇವಳು ಹೇಳಿದ ಹಾಗೇ ಕೇಳ್ಬೇಕು. ನಮ್ಮನೇಲಿ ಯಜಮಾನ್ತಿ ಇದ್ದ ಹಾಗೆ."

ಜನ ನಕ್ಕರು, ಗುಂಪು ಸೇರಿತು. ಅವನಿಗೂ ಹುರುಪು ಬಂತು. ಇರುವೆಗಳ ದಂಡು, ದುಡಿಮೆ, ಶಿಸ್ತು ಎಲ್ಲವನ್ನೂ ಟೊಮೆಟೊ ರಾಶಿ ಮಾರಿದಷ್ಟೇ ಸಲೀಸಾಗಿ ಹೇಳಿದ. ಪುಟ್ಟಿ ಮೆಲ್ಲಗೆ ಮೇಜಿನ ಹಿಂದೆ ಸರಿದು ಕಿಟಕಿಯತ್ತ ನೋಡುತ್ತ ನಿಂತಳು.

ಪಕ್ಕದ ಮೇಜಿನ ಎರಡು ಜಡೆಯ ಹುಡುಗಿ ಇದನ್ನೆಲ್ಲ ಗಮನಿಸುತ್ತಿದ್ದಳು. "ಅಂಕಲ್, ನಮ್ಮ ಕ್ಲಾಸಲ್ಲಿ ಇವಳ ಮಾತನ್ನ ಬೇರೆಯವರು ಮುಗಿಸೋ ಹಾಗಿಲ್ಲ. ಮುಗಿಸಿದ್ರೆ ಇವಳು ಮೊದಲಿಂದ ಶುರು ಮಾಡ್ತಾಳೆ, ನಾವು ಮೊದಲಿಂದ ಕೇಳ್ಬೇಕು."

ಅಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಬಾಗಿಲ ಬಳಿಯಿದ್ದ ಟೀಚರ್ ಹತ್ತಿರ ಹೋಗಿ, "ಇದೆಂಥ ನಿಯಮ ಮಿಸ್?" ಎಂದ. "ಜನ ನಗ್ತಾರೆ. ನೆಂಟರೇ ಅಣಕಿಸಿದ್ದಾರೆ. ಹೆತ್ತ ಕರುಳು, ನೋಡ್ಕೊಂಡು ಹೇಗೆ ಸುಮ್ಮನಿರಲಿ?"

"ಅಣಕಿಸಿದವರ ಬಾಯಿ ಮುಚ್ಚಿಸೋದು ಬಿಟ್ಟು ಇವಳ ಬಾಯಿ ಮುಚ್ಚಿಸ್ತಿದ್ದೀರಲ್ಲ," ಎಂದರು ಟೀಚರ್, ದನಿ ಏರಿಸದೆ. "ತಡ ಆಗುತ್ತೆ, ಅಷ್ಟೇ. ಆದ್ರೆ ಆಗ್ಲಿ."

ಅವನಿಗೆ ಸಿಟ್ಟು ಬಂತು. ಆದರೂ ಆ ಮಾತನ್ನೇ ಮೆಲುಕು ಹಾಕುತ್ತ ಹೊರಟ.

ಮೇಜಿಗೆ ಮರಳಿದಾಗ ಯಾರದೋ ಅಜ್ಜ ಅದೇ ರಾಣಿಯ ಬಗ್ಗೆ ವಿಚಾರಿಸುತ್ತಿದ್ದರು. ಪುಟ್ಟಿ ಅಭ್ಯಾಸಬಲದಿಂದ ಅಪ್ಪನತ್ತ ನೋಡಿದಳು. ಅವನು ಎರಡೂ ಕೈಯನ್ನು ಜೇಬಿಗೆ ತುರುಕಿಕೊಂಡ.

"ಇ... ಇ..." ಅವಳ ಗಲ್ಲ ನಡುಗಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಜ್ಜ ಅಯ್ಯೋ ಪಾಪ ಎಂದುಕೊಂಡು, "ಇದೇನಾ ಮಗೂ, ದಪ್ಪಂದು?" ಎಂದು ನೆರವಿಗೆ ಬಂದರು.

"ಸ್ವಲ್ಪ ತಾಳಿ ಅಜ್ಜ, ಅವಳೇ ಹೇಳ್ತಾಳೆ," ಎಂದ ಅಪ್ಪ. ನಕ್ಕವರತ್ತ ತಿರುಗಿ, "ಅವಸರ ಇದ್ದವರು ಮುಂದಿನ ಮೇಜು ನೋಡಿ," ಎಂದ. ಅವನ ಬೆನ್ನಲ್ಲಿ ಬೆವರಿಳಿಯುತ್ತಿತ್ತು.

"ಇ... ಇದ್ರಲ್ಲಿ ರಾ... ರಾಣಿ ಇಲ್ಲ. ಅದು ಗೂಡಲ್ಲೇ ಇದೆ. ತ... ತಂದ್ರೆ ಗೂಡೇ ಹಾಳಾಗುತ್ತೆ. ಸಂಜೆ ಇವನ್ನೂ ವಾಪಸ್ ಬಿ... ಬಿಡ್ತೀವಿ."

ಹಾಗಾದರೆ ಅಪ್ಪ ಇಷ್ಟು ಹೊತ್ತು ಇಲ್ಲದ ರಾಣಿಯನ್ನು ಮಾರುತ್ತಿದ್ದ. ಅವನಿಗೆ ನಗು ಬಂತು. ಮಗಳಿಗೆ ಇಷ್ಟು ಗೊತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಅಜ್ಜ ಇನ್ನೂ ಏನೇನೋ ಕೇಳಿದರು, ಅವಳು ತಡವರಿಸುತ್ತಲೇ ಎಲ್ಲಕ್ಕೂ ಉತ್ತರ ಹೇಳಿದಳು. ಅವರು ಹೋದ ಮೇಲೆ ಅಪ್ಪನ ಅಂಗಿ ಜಗ್ಗಿದಳು.

"ಅಪ್ಪ, ನೀ... ನೀನೂ ಏನಾದ್ರೂ ಕೇಳು."

ಇಷ್ಟು ವರ್ಷ ಅವನು ಅವಳ ಪರವಾಗಿ ಉತ್ತರ ಕೊಟ್ಟಿದ್ದನೇ ಹೊರತು, ಅವಳನ್ನು ಏನನ್ನೂ ಕೇಳಿರಲಿಲ್ಲ. ಮಂಡಿಯೂರಿ ಕೂತು, ಗಾಜಿನ ಹತ್ತಿರ ಮುಖ ತಂದು, "ಇವಕ್ಕೆ ವಾಪಸ್ ಹೋಗೋ ದಾರಿ ಹೇಗೆ ಗೊತ್ತಾಗುತ್ತೆ ಪುಟ್ಟಿ?" ಎಂದ.

ಅವಳು ಬಾಯಿ ತೆರೆದಳು. ಮೊದಲ ಅಕ್ಷರವೇ ಸಿಕ್ಕಿಕೊಂಡಿತು. ಅವನು ಕಾದ.