ಸಡಿಲ ಕೀಲು

ಎಲೆಗೆ ನೀರು ಚಿಮುಕಿಸುತ್ತಿದ್ದ ದೇವರಾಜುವಿನ ಬೆರಳುಗಳು ಹಾಗೇ ನಿಂತವು, ಹನಿಗಳು ದಿಂಡಿನ ಕಡೆಗೆ ಉರುಳುತ್ತಿದ್ದವು, ಸತ್ತ ಗುಂಡಯ್ಯನ ಅಣ್ಣ ಹುಚ್ಚಯ್ಯ ಪಲ್ಯದ ಬೋಗುಣಿ ಹಿಡಿದೇ ಪಂಕ್ತಿಗೆಲ್ಲ ಕೇಳುವಂತೆ ಅನ್ನುತ್ತಿದ್ದ, ಮಿಡ್ಲಿಸ್ಕೂಲು ದಾಟಕ್ಕಾಗ್ದೋನು ಆಕಾಸ ದಾಟಕ್ಕೋದ ಕಣ್ರಪ್ಪ, ನನ್ ತಮ್ಮನ್ನ ತಿಂದು ಈಗ ಅವನ ತಿಥಿಗೂ ಎಲೆ ಆಕ್ಕೊಂಡು ಕುಂತವ್ನೆ — ಯಾರೋ ಕಿಸಕ್ಕೆಂದರು, ಹೊಳೆನರಸೀಪುರದ ಅರ್ಧ ಪೇಟೆ ಅಲ್ಲೇ ಕೂತಿತ್ತು, ದೇವರಾಜುವಿಗೆ ಕಿವಿಯ ಬುಡದವರೆಗೆ ಬೆಂಕಿ, ಎದ್ದು ಆ ಬೋಗುಣಿಯನ್ನೇ ಅವನ ತಲೆಗೆ ಕವುಚಬೇಕು, ಹೇಳಿಬಿಡಬೇಕು, ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ ಕಣಯ್ಯ, ನಿನ್ನ ತಮ್ಮನೇ — ಅಡುಗೆಮನೆ ಬಾಗಿಲಲ್ಲಿ ಗುಂಡಯ್ಯನ ಹೆಂಡತಿ ಶಿವಗಂಗಮ್ಮ, ಬರಿಯ ಹಣೆ, ಇವನನ್ನೇ ನೋಡುತ್ತಾಳೆ.

ಎರಡನೇ ಮಹಾಯುದ್ಧ ಮುಗಿದ ವರ್ಷ, ಹಾಸನದ ಲಾರಿ ಷೆಡ್ಡಿನಲ್ಲಿ ಇವನಿಗೆ ಸಿಕ್ಕ ಹರಕು ಪತ್ರಿಕೆ, ಅದರಲ್ಲಿ ಆಟೋಜೈರೊ ಅನ್ನುವ ಹಾರುವ ಯಂತ್ರದ ಚಿತ್ರ, ನೆತ್ತಿಯ ಮೇಲೆ ಗಾಳಿಗೆ ತಂತಾನೇ ತಿರುಗುವ ಮೂರು ಉದ್ದನೆಯ ರೆಕ್ಕೆ, ಇಂಜಿನ್ನು ಆಮೇಲೆ, ಮೊದಲು ಲಾರಿಗೆ ಹಗ್ಗ ಕಟ್ಟಿ ಎಳೆದು ನೋಡೋಣ ಅಂದಿದ್ದ ದೇವರಾಜು, ಎತ್ತಿನ ಗಾಡಿ ಮಾಡುವ ಗುಂಡಯ್ಯ ಎರಡು ವರ್ಷ ಕೂತು ಕೆತ್ತಿದ, ರೆಕ್ಕೆಯ ಬುಡದ ಕೀಲು ಮಾತ್ರ ಸಡಿಲವಿರಬೇಕು, ಎದುರುಗಾಳಿಗೆ ಹೋಗುವ ರೆಕ್ಕೆ ಮೇಲೇಳಬೇಕು, ಹಿಂದಕ್ಕೆ ಬರುವುದು ತಗ್ಗಬೇಕು, ಬಿಗಿದರೆ ಇಡೀ ಯಂತ್ರ ಮಗ್ಗುಲಿಗೆ ಮಗುಚುತ್ತದೆ — ಇಷ್ಟು ಹೇಳಿದ್ದರೆ ಸಾಕಿತ್ತು, ಹೇಳಿದನೇ, ಗುಂಡಯ್ಯ ಕೇಳಿಯೇ ಕೇಳಿದ್ದ, ಲೊಡಲೊಡ ಅಂತದಲ್ಲೋ ದೇವ್ರಾಜು, ನಾನ್ ಮಾಡಿದ್ ಗಾಡೀಲಿ ಒಂದ್ ಕೀಲು ಅಲ್ಲಾಡಿದ್ರೂ ನಂಗೆ ಅವಮಾನ ಕಣ್ಲಾ, ಇವನು ಸಿಡುಕಿದ್ದ, ನಿಂಗ್ಯಾಕೆ, ಯೋಳ್ದಷ್ಟು ಮಾಡು, ಅಷ್ಟೇ, ಅಷ್ಟೇ ಹೇಳಿದ್ದು. ಚನ್ನರಾಯಪಟ್ಟಣದ ಒಣಗಿದ ಕೆರೆಯಂಗಳದಲ್ಲಿ ಎರಡು ಸಲ ಇವನೇ ಕೂತು ಮೊಳದೆತ್ತರ ಎದ್ದಿದ್ದ, ಗುಂಡಯ್ಯ ಪಕ್ಕದಲ್ಲಿ ಓಡುತ್ತ ಕೀಲನ್ನೇ ನೋಡುತ್ತಿದ್ದ, ಮುಖ ಬಿಳಿಚಿತ್ತು, ಮೂರನೆಯ ದಿನ ಲಾರಿ ಡ್ರೈವರಿಗೆ ಜ್ವರ, ಅವನು ಬಿಟ್ಟರೆ ಲಾರಿ ಓಡಿಸಲು ಬರುವುದು ದೇವರಾಜುವೊಬ್ಬನಿಗೇ, ಹಂಗಾದ್ರೆ ನಾನ್ ಕೂರ್ತೀನಿ ಬುಡು ಅಂತ ಗುಂಡಯ್ಯ ನಗುತ್ತ ಹತ್ತಿದ, ಹಗ್ಗ ಬಿಗಿಯಿತು, ಕನ್ನಡಿಯಲ್ಲಿ ಅವನು ಎದ್ದದ್ದು ಕಂಡಿತು, ಎಡಕ್ಕೆ ವಾಲಿದ್ದು, ಆಮೇಲೆ ಬರೀ ಧೂಳು.

ಜನ ಓಡಿ ಬರುವುದರೊಳಗೆ ಇವನು ಕಂಡಿದ್ದ, ಮೂರು ಕೀಲಿಗೂ ಜಾಲಿಮರದ ಬೆಣೆ, ಎಣ್ಣೆ ಸವರಿ ಕೊಡತಿಯಲ್ಲಿ ಹೊಡೆದದ್ದು, ಗುಂಡಯ್ಯ ಹಿಂದಿನ ಸಂಜೆಯೇ ಹೊಡೆದಿರಬೇಕು, ಹೊಡೆಯುವಾಗ ಕೂರಬೇಕಾಗಿದ್ದವನು ದೇವರಾಜು, ದೇವರಾಜು ಬೀಳದಿರಲಿ ಅಂತ — ಇವನು ಮೂರನ್ನೂ ಕಿತ್ತು ಜೇಬಿಗಿಳಿಸಿದ್ದ, ಗಾಡಿ ಕೆಲಸದಲ್ಲಿ ಅವನಂಥೋನಿಲ್ಲ ಅಂತ ಅರಕಲಗೂಡಿನವರೆಗೂ ಹೆಸರು, ಆ ಹೆಸರೊಂದು ಶಿವಗಂಗಮ್ಮನಿಗೆ ಉಳಿಯಲಿ. ಬಾಯ್ ಬುಡ್ಲಾ, ಹುಚ್ಚಯ್ಯ ಬೋಗುಣಿ ಕುಕ್ಕಿದ, ದೇವರಾಜು ಎದ್ದ, ಬಾಗಿಲ ಹತ್ತಿರ ಶಿವಗಂಗಮ್ಮ ಮೆಲ್ಲಗೆ, ಉಂಡೋಗಪ್ಪ, ಅವರಿದ್ದಿದ್ರೆ ಅಂಗೇ ಕಳುಸ್ತಿರಲಿಲ್ಲ ಅಂದಳು, ಇವನು ಅಂಗಳ ದಾಟಿದ, ಬೀದಿ ಬಂತು, ಹಿಂದೆ ಇನ್ನೂ ಬೈಗುಳ, ಜೇಬಿನಲ್ಲಿ ಬೆರಳಿಗೆ ಸಿಕ್ಕಿದ ಬೆಣೆ, ಗುಂಡಯ್ಯ ಅದರ ನಾಲ್ಕು ಮೂಲೆಯನ್ನೂ ಉಳಿಯಲ್ಲಿ ಸವರಿ ನುಣುಪು ಮಾಡಿದ್ದ, ಮುಟ್ಟಿದವನ ಕೈಗೆ ಸಿಬಿರು ಚುಚ್ಚದ ಹಾಗೆ, ನುಣುಪು, ಅಷ್ಟು ನುಣುಪು —