ಕಂಬಳಿ ಹೊದ್ದ ಪೆಟ್ಟಿಗೆ

ಮೊದಲ ಏಟು ಬಿದ್ದಾಗ ಹಾಲಸ್ವಾಮಿಯ ಕೈಯಲ್ಲಿ ಕಾದ ಬೆಸುಗೆ ಕಡ್ಡಿ ಇತ್ತು. ಎದುರಿಗಿದ್ದವನ ಮುಖಕ್ಕೆ ಚುಚ್ಚಬಹುದಿತ್ತು, ಚುಚ್ಚಲಿಲ್ಲ. ಅಂಥ ಮನುಷ್ಯನೇ ಅಲ್ಲ ಅವನು. ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹನ್ನೆರಡು ವರ್ಷದಿಂದ ಅಂಗಡಿ ಇಟ್ಟುಕೊಂಡು ಸತ್ತ ಮೊಬೈಲು, ಸತ್ತ ಟಾರ್ಚುಗಳಿಗೆ ಜೀವ ಕೊಡುತ್ತ ಬಂದವನು. ಜಗಳವೆಂದರೆ ಹತ್ತು ಮಾರು ದೂರ. ಎರಡನೆಯ ಏಟಿಗೆ ಕನ್ನಡಕ ಹಾರಿತು. ಮೂರನೆಯದಕ್ಕೆ ಅವನೇ ಸ್ಟೂಲಿನಿಂದ ಉರುಳಿದ.

"ಏಳಲೇ," ಎಂದ ಹುಲುಗೇಶ. "ಗಾಡಿ ಹತ್ತು."

ಹುಲುಗೇಶ ಮುನ್ನೂರು ಕುರಿಯ ಒಡೆಯ. ಎರಡು ತಿಂಗಳ ಹಿಂದೆ ಇದೇ ಅಂಗಡಿಯಲ್ಲಿ ಕೂತು ಎರಡು ಲೋಟ ಚಹಾ ಕುಡಿದು, ಹಾಲಣ್ಣನಂಥ ಮನುಷ್ಯ ಇಡೀ ತಾಲೂಕಿನಲ್ಲಿಲ್ಲ ಎಂದು ಹೊಗಳಿ ಹೋಗಿದ್ದ. ಈಗ ಬಂದಾಗ ಜೊತೆಗೆ ಚಿಕ್ಕಪ್ಪ ಯರ್ರೆಪ್ಪನಿದ್ದ, ಯರ್ರೆಪ್ಪನ ಹೆಗಲ ಮೇಲೆ ಕೊಡಲಿಯಿತ್ತು. ಪಕ್ಕದ ಅಂಗಡಿಯ ಟೈಲರ್ ಗಲಾಟೆ ಕೇಳಿ ಕತ್ತರಿ ಹಿಡಿದು ಹೊರಗೆ ಬಂದ, ಕೊಡಲಿ ನೋಡಿ ಹಾಗೆಯೇ ಒಳಗೆ ಹೋದ. ಓಣಿಯ ಉಳಿದ ಜನ ಬಾಗಿಲಲ್ಲಿ ನಿಂತು ಚೆನ್ನಾಗಿ ನೋಡಿದರು. ಧೈರ್ಯದ ಮಾತಾಡುವಾಗ ಇದೇ ಓಣಿಯವರನ್ನು ಹಿಡಿಯುವವರಿಲ್ಲ.

ಕುರಿ ಸಾಗಿಸುವ ಗಾಡಿಯ ಹಿಂಬದಿಯಲ್ಲಿ, ಹಿಕ್ಕೆಯ ಮೇಲೆ ಅವನನ್ನು ಅಂಗಾತ ಕೆಡವಿದರು. ಹುಲುಗೇಶ ಗಾಡಿ ಓಡಿಸಿದ. ಯರ್ರೆಪ್ಪ ಹಾಲಸ್ವಾಮಿಯ ಎದೆಯ ಮೇಲೆ ಚಪ್ಪಲಿಗಾಲಿಟ್ಟು ಕೂತ. ಗಾಡಿ ಹಗರಿಬೊಮ್ಮನಹಳ್ಳಿ ರಸ್ತೆಗೆ ತಿರುಗಿದ್ದು ಬಿಸಿಲು ಬಿದ್ದ ಕಡೆಯಿಂದ ಗೊತ್ತಾಯಿತು.

"ಏನಾತು ಅಂತಾದ್ರೂ ಹೇಳ್ರಿ ಗೌಡ್ರ," ಎಂದ ಹಾಲಸ್ವಾಮಿ. ಬಾಯಲ್ಲಿ ರಕ್ತ, ಮಾತು ತೊದಲುತ್ತಿತ್ತು.

"ನೀ ಮಾಡಿಕೊಟ್ಟ ಪೆಟ್ಟಿಗಿ ಸಿಡೀತು. ನಮ್ಮ ಮೈಲಾರೇಶನ ಎಡಗಣ್ಣು ಹೋತು. ಹೊಸಪೇಟಿ ಆಸ್ಪತ್ರಿಯಾಗ ಒಂಬತ್ತು ದಿನ ಇದ್ವಿ, ಕಣ್ಣು ತಗದೇ ಬಿಟ್ರು." ಯರ್ರೆಪ್ಪ ಕಾಲಿನ ಭಾರ ಹೆಚ್ಚಿಸಿದ. "ಹುಡುಗನ ಕಣ್ಣಿಗೆ ನಿನ್ನ ಬಲಗೈ. ಕಡಿಯಂಗಿಲ್ಲ, ಹೆದರಬ್ಯಾಡ. ಕೊಡ್ಲಿ ತಲಿಲೆ ಜಜ್ಜೋದು. ಇನ್ನೊಬ್ಬರ ಮನಿ ಹಾಳು ಮಾಡೋ ಪೆಟ್ಟಿಗಿ ಮಾಡಬಾರ್ದು ನೋಡು ನೀನು."

ಹಾಲಸ್ವಾಮಿ ಬಲಗೈಯನ್ನು ಬೆನ್ನ ಕೆಳಗೆ ಎಳೆದುಕೊಂಡ. ಅವನಿಗೆ ಹೊಲವಿಲ್ಲ, ಮನೆಯಿಲ್ಲ, ಬೇರೆ ವಿದ್ಯೆಯಿಲ್ಲ. ಕೂದಲೆಳೆಯಂಥ ತಂತಿಯನ್ನು ಹಿಡಿದು ಕೂರಿಸುವ ಆ ಐದು ಬೆರಳೇ ಅವನ ಆಸ್ತಿ. ಹೆದರಿಕೆಯಷ್ಟೇ ಅಲ್ಲ, ಒಳಗೆ ಇನ್ನೊಂದು ಸಂಕಟ ಶುರುವಾಯಿತು. ನಾನು ಏನು ತಪ್ಪು ಮಾಡಿದೆ?

ಕುರಿ ಹಿಂಡು ಒಂದು ಕಡೆ ನಿಲ್ಲುವುದಲ್ಲ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಗೊಬ್ಬರದ ಆಸೆಗೆ ರೈತರು ಮಂದೆ ನಿಲ್ಲಿಸಿಕೊಳ್ಳುತ್ತಾರೆ, ಆದರೆ ಕರೆಂಟನ್ನು ಯಾರೂ ಹೊಲದ ನಡುವೆ ತಂದು ಕೊಡುವುದಿಲ್ಲ. ಫೋನು ಸತ್ತರೆ ಮುಂದಿನ ಹೊಲದವನು ಸಿಗುವುದಿಲ್ಲ, ಕುರಿಗೆ ಸೂಜಿ ಹಾಕುವವನು ಸಿಗುವುದಿಲ್ಲ. ಅದಕ್ಕೇ ಹುಲುಗೇಶ ಸೋಲಾರ್ ಪೆಟ್ಟಿಗೆ ಕೇಳಿಕೊಂಡು ಬಂದದ್ದು. ಹಾಲಸ್ವಾಮಿ ಹದಿನೈದು ದಿನ ಕೂತು ಮಾಡಿದ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಒಡೆದು ಸೆಲ್ಲುಗಳನ್ನು ತೆಗೆದ. ಒಂದೊಂದನ್ನೂ ತುಂಬಿಸಿ, ಖಾಲಿ ಮಾಡಿ, ಅಂಗೈಯಲ್ಲಿ ಹಿಡಿದು ನೋಡಿದ. ಬೆಚ್ಚಗಾದದ್ದನ್ನು ಮುಲಾಜಿಲ್ಲದೆ ಆಚೆಗೆ ಹಾಕಿದ. ಉಳಿದವನ್ನು ಜೋಡಿಸಿ, ಅತಿಯಾಗಿ ಚಾರ್ಜ್ ಆಗದಂತೆ ಕಾಯುವ ಸರ್ಕ್ಯೂಟು ಹಾಕಿ, ಫ್ಯೂಸು ಹಾಕಿ, ಕಬ್ಬಿಣದ ಸಣ್ಣ ಟ್ರಂಕಿನೊಳಗೆ ಕೂರಿಸಿದ. ಟ್ರಂಕಿನ ಎರಡೂ ಪಕ್ಕಕ್ಕೆ ಸಾಲಾಗಿ ತೂತು ಕೊರೆದ. ಒಳಗೆ ಆರು ಫೋನು ಒಟ್ಟಿಗೆ ಹಚ್ಚುವ ಜಾಗ. ಮಡಚುವ ಸೋಲಾರ್ ಪ್ಲೇಟನ್ನು ಕತ್ತೆಯ ಬೆನ್ನ ಮೇಲೆ ಹಾಸಿ ಕಟ್ಟಿದರೆ ಹಾದಿ ನಡೆಯುವಾಗಲೇ ಬ್ಯಾಟರಿ ತುಂಬಬೇಕು. ಅಷ್ಟು ಚೆಂದದ ಕೆಲಸ ಅವನು ಹಿಂದೆ ಮಾಡಿರಲಿಲ್ಲ.

ಟ್ರಂಕು ಒಪ್ಪಿಸುವಾಗ ಒಂದೇ ಮಾತನ್ನು ಮೂರು ಸಲ ಹೇಳಿದ್ದ. "ಈ ತೂತು ಅದಾವಲ್ಲ, ಇವು ಇದರ ಮೂಗು. ಮುಚ್ಚಬ್ಯಾಡ್ರಿ. ನೆರಳಾಗ ಇಡ್ರಿ, ಗಾಳಿ ಆಡ್ಲಿ." ತಮ್ಮ ಮೈಲಾರೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಹುಲುಗೇಶ ಫೋನು ನೋಡುತ್ತ ಹೂಂ ಹೂಂ ಎಂದಿದ್ದ. ಹೊರಗೆ ಓಣಿಯಲ್ಲಿ ಅವನ ಹೆಂಡತಿ ನಾಗಲಿಂಗಮ್ಮ ಕತ್ತೆಯ ಹಗ್ಗ ಹಿಡಿದು ನಿಂತಿದ್ದಳು. ಕತ್ತೆ, ಅದರ ಮೇಲಿನ ಗಂಟು, ಪಾತ್ರೆ, ಜೊತೆಯಲ್ಲೇ ಊರೂರು ತಿರುಗುವ ದೇವರ ಪೆಟ್ಟಿಗೆ, ಅಂದು ಹುಟ್ಟಿದ ಮರಿ, ಇದೆಲ್ಲ ಹೆಂಗಸರು ನೋಡಿಕೊಳ್ಳುವಂಥದ್ದು ಎಂದು ಹಾಲಸ್ವಾಮಿಗೆ ಗೊತ್ತಿತ್ತು. ಆದರೂ ಅವಳಿಗೊಂದು ಮಾತು ಹೇಳಬೇಕು ಅನಿಸಲಿಲ್ಲ. ಗಂಡಸಿಗೆ ಹೇಳಿದರೆ ಮನೆಗೆಲ್ಲ ಹೇಳಿದ ಹಾಗೆ ಎಂದುಕೊಳ್ಳುವ ಜಾಣರಲ್ಲಿ ಅವನೂ ಒಬ್ಬ.

ಗಾಡಿ ನಿಂತದ್ದು ಹಂಪಸಾಗರದ ಹತ್ತಿರ, ಕೊಯ್ಲಾದ ಭತ್ತದ ಗದ್ದೆಯಲ್ಲಿ. ನಡುಮಧ್ಯಾಹ್ನದ ಬಿಸಿಲು. ಜಾಲಿ ಮರದ ನೆರಳಿನಲ್ಲಿ ಕೌದಿ ಹಾಸಿ ಮೈಲಾರೇಶನನ್ನು ಮಲಗಿಸಿದ್ದರು. ಇಪ್ಪತ್ತೆರಡರ ಗಟ್ಟಿ ಆಳು, ಹುಲುಗೇಶನ ತಮ್ಮ, ಅರ್ಧ ಮುಖಕ್ಕೆ ಬ್ಯಾಂಡೇಜು. ಸ್ವಲ್ಪ ಆಚೆಗೆ ಮೂರು ಕಲ್ಲಿನ ಒಲೆಯ ಮುಂದೆ ನಾಗಲಿಂಗಮ್ಮ ಹಿಟ್ಟು ನಾದುತ್ತಿದ್ದಳು. ಗಂಡಸರು ಒಬ್ಬನನ್ನು ಅಂಗಿ ಹಿಡಿದು ಎಳೆದು ತರುವುದನ್ನು ನೋಡಿ ಅವಳ ಕೈ ನಿಂತಿತು.

ಹುಲುಗೇಶ ಸುಟ್ಟ ಟ್ರಂಕನ್ನು ಎತ್ತಿ ಒಗೆದ. ಅದರ ಮೂಲೆ ಹಾಲಸ್ವಾಮಿಯ ಮೊಣಕಾಲಿಗೆ ಬಡಿದು ಚರ್ಮ ಕಿತ್ತಿತು.

"ನೋಡ್ಕೊ ನಿನ್ನ ಕೈಚಳಕ. ಹೊಗಿ ಬರಾಕತ್ತಿತ್ತು, ಫೋನು ಸುಡ್ತಾವ ಅಂತ ನನ್ನ ತಮ್ಮ ಮುಚ್ಚಳ ತಗದ. ತಗದಿದ್ದೇ ತಡ, ಮುಖಕ್ಕ ಬೆಂಕಿ."

ಹಾಲಸ್ವಾಮಿ ಮಂಡಿಯೂರಿದ. ಕನ್ನಡಕವಿಲ್ಲದ ಕಣ್ಣಿಗೆ ಟ್ರಂಕನ್ನು ಹತ್ತಿರ ತಂದುಕೊಂಡ. ಪಕ್ಕದ ತೂತುಗಳಲ್ಲಿ ಏನೋ ಕರಿಯದು ಮುದ್ದೆಯಾಗಿ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದ, ಮೂಸಿದ. ಸುಟ್ಟ ಉಣ್ಣೆ. ಕಂಬಳಿಯ ಉಣ್ಣೆ. ತಪ್ಪು ತನ್ನದಲ್ಲ ಎಂದು ಗೊತ್ತಾದ ಆ ಗಳಿಗೆಯಲ್ಲಿ ಅವನಿಗಾದ ಸಮಾಧಾನ ಎಷ್ಟಿತ್ತೆಂದರೆ, ಎದುರಿಗೇ ಒಬ್ಬ ಕಣ್ಣು ಕಳೆದುಕೊಂಡು ಮಲಗಿದ್ದಾನೆಂಬುದೂ ಮರೆತುಹೋಯಿತು.

ಯರ್ರೆಪ್ಪ ಅವನ ಬಲಗೈ ಮಣಿಕಟ್ಟು ಹಿಡಿದು ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ಒತ್ತಿದ. ಕಲ್ಲು ಕಾದಿತ್ತು. ಹುಲುಗೇಶ ಕೊಡಲಿ ತಿರುಗಿಸಿ ಎತ್ತಿದ.

"ಕಂಬಳಿ ಹೊಚ್ಚಿದೋರು ಯಾರು?" ಎಂದು ಹಾಲಸ್ವಾಮಿ ಕೂಗಿದ. "ತೂತಿನಾಗ ನೋಡ್ರಿ, ಉಣ್ಣಿ ಐತಿ. ಇಂಥಾ ಬಿಸಿಲಾಗ ಕಂಬಳಿ ಹೊಚ್ಚಿದ್ರ ಒಳಗ ಕುದೀತೈತಿ ಅದು. ಹೊಚ್ಚಿದೋರು ಯಾರು, ಅವರನ್ನ ಕೇಳ್ರಿ."

ಕೊಡಲಿ ನಿಂತಿತು.

"ನಾನು ಹೊಚ್ಚಿದ್ದು," ಎಂದಳು ನಾಗಲಿಂಗಮ್ಮ ಒಲೆಯ ಕಡೆಯಿಂದ. ಒಂದು ಕ್ಷಣವೂ ತಡೆಯಲಿಲ್ಲ. "ದೇವ್ರ ಪೆಟ್ಟಿಗಿಗೆ ಹೊಚ್ಚತೀವಲ್ಲ, ಹಂಗ ಇದಕ್ಕೂ ಅರಿಷಿಣದ ಭಂಡಾರ ಹಚ್ಚಿ ಹೊಚ್ಚಿದೆ. ಬಿಸಿಲು ತಾಕಬಾರ್ದು ಅಂತ."

ಕುರಿಯವರ ಸಂಸಾರದಲ್ಲಿ ಕಂಬಳಿ ಬರೀ ಹೊದಿಕೆಯಲ್ಲ. ಹುಟ್ಟಿದ ಕೂಸಿಗೂ ಅದೇ, ದೇವರಿಗೂ ಅದೇ, ಸೊರಗಿದ ಮರಿಗೂ ಅದೇ. ಕಾಪಾಡಬೇಕಾದ್ದನ್ನು ಕಂಬಳಿಯಲ್ಲಿ ಮುಚ್ಚುವುದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಮುಚ್ಚಬಾರದೆಂಬುದನ್ನು ಹೇಳಿಕೊಡಬೇಕಿತ್ತು.

ಹುಲುಗೇಶ ಕೊಡಲಿ ಕೆಳಗಿಟ್ಟು ಕುರಿ ಕಾಯುವ ಕೋಲು ತೆಗೆದುಕೊಂಡ. ಮೊದಲ ಏಟು ಅವಳ ಬೆನ್ನಿಗೆ ಬಿತ್ತು, ಅವಳು ಹಿಟ್ಟಿನ ಪರಾತದ ಮೇಲೆ ಮುಗ್ಗರಿಸಿದಳು. ಎರಡನೆಯದು ತಡೆಯಲು ಎತ್ತಿದ ಮುಂಗೈಗೆ ಬಿತ್ತು, ಬಳೆ ಚೂರಾಗಿ ಚರ್ಮದೊಳಗೆ ಹೋದವು. ಆಮೇಲೆ ಅವನು ಎಲ್ಲಿಗೆ ಬೀಳುತ್ತದೆಂದು ನೋಡುವುದನ್ನು ಬಿಟ್ಟ. ತುರುಬು ಹಿಡಿದು ಎಳೆದ, ಪಕ್ಕೆಗೆ ಒದ್ದ, ಮತ್ತೆ ಕೋಲೆತ್ತಿದ. "ನನ್ನ ತಮ್ಮನ ಕಣ್ಣು ತಗದಿ," ಎನ್ನುತ್ತ ಏಟಿಗೊಮ್ಮೆ ಅದನ್ನೇ ಹೇಳಿದ. ಅವಳ ತುಟಿ ಒಡೆದು ರಕ್ತ ಹಿಟ್ಟಿನ ಮೇಲೆ ತೊಟ್ಟಿಕ್ಕಿತು.

ಹಾಲಸ್ವಾಮಿಯ ಮಣಿಕಟ್ಟು ಯರ್ರೆಪ್ಪನ ಹಿಡಿತದಲ್ಲಿ ಸಡಿಲವಾಗಿತ್ತು. ಕೈ ಉಳಿಯಿತು. ಸುಮ್ಮನಿದ್ದರೆ ಸಾಯಂಕಾಲದ ಬಸ್ಸಿಗೆ ಊರು ಸೇರಬಹುದು. ಅವನು ಮೈಲಾರೇಶನನ್ನು ನೋಡಿದ. ಅಂದು ಅಂಗಡಿಯಲ್ಲಿ ಅಣ್ಣನ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡವನು ಅವನು. ಮೈಲಾರೇಶ ಮುಖವನ್ನು ಮರದ ಕಡೆ ತಿರುಗಿಸಿಕೊಂಡ.

ಕೋಲು ಮತ್ತೆ ಬಿತ್ತು, ಮತ್ತೆ ಬಿತ್ತು. ತಾನು ಏನು ಮಾಡಿದೆನೆಂದು ಹಾಲಸ್ವಾಮಿಗೆ ನಿಧಾನವಾಗಿ ಹೊಳೆಯಿತು, ಹೊಳೆದು ನಾಚಿಕೆಯಿಂದ ಮೈ ಸುಟ್ಟಿತು. ಹೊಚ್ಚಿದವರು ಯಾರು ಎಂದು ಕೇಳಿದ್ದ. ಹೇಳಿದ್ದು ಯಾರಿಗೆ ಎಂದು ಕೇಳಿರಲಿಲ್ಲ. ಯಾಕೆಂದರೆ ಹೇಳಿಸಿಕೊಂಡವನ ಕೈಯಲ್ಲಿ ಕೊಡಲಿ ಇತ್ತು. ತಿರುಗಿ ಹೊಡೆಯಲಾರದವರು ಯಾರೆಂದು ಅವನ ಬಾಯಿ ತಾನಾಗಿಯೇ ಹುಡುಕಿಕೊಂಡಿತ್ತು.

"ಹುಲುಗೇಶ, ನಿಂಗ ಹೇಳಿದ್ನಲ್ಲೋ," ಎಂದ. ಕೋಲು ನಿಲ್ಲಲಿಲ್ಲ. ಮತ್ತೆ ಜೋರಾಗಿ ಹೇಳಿದ. "ತೂತು ಮುಚ್ಚಬ್ಯಾಡ್ರಿ ಅಂತ ಮೂರು ಸಲ ಹೇಳಿದೆ. ನೀ ಹೂಂ ಅಂದಿ. ಆಕಿಗೆ ನೀ ಹೇಳಿಲ್ಲ, ನಾನೂ ಹೇಳಿಲ್ಲ. ಆಕಿಗೆ ಹೆಂಗ ಗೊತ್ತಾಗಬೇಕು?"

ಹುಲುಗೇಶ ತಿರುಗಿದ. ಅವನ ಮುಖದಲ್ಲಿ ಒಂದು ಗಳಿಗೆ ನೆನಪು ಬಂದು ಹೋದದ್ದು ಹಾಲಸ್ವಾಮಿಗೆ ಕನ್ನಡಕವಿಲ್ಲದೆಯೂ ಕಂಡಿತು. ನೆನಪಾದದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ಸುಳ್ಳು ಬೊಗಳ್ತಾನ. ಕಾಕಾ, ಗಟ್ಟಿ ಹಿಡಿ."

ಯರ್ರೆಪ್ಪ ಗಟ್ಟಿ ಹಿಡಿದ. ಕೊಡಲಿಯ ಮೊಂಡು ತಲೆ ಮೊದಲ ಸಲ ಬಿದ್ದಾಗ ಒಣ ಹತ್ತಿಕಟ್ಟಿಗೆ ಮುರಿದಂಥ ಸದ್ದಾಯಿತು. ನೋವು ತಕ್ಷಣ ಬರಲಿಲ್ಲ. ತನ್ನ ತೋರುಬೆರಳು ಇರಬಾರದ ಕಡೆಗೆ ತಿರುಗಿರುವುದನ್ನು ಅವನು ನೋಡಿದ, ನೋಡಿದ ಮೇಲೆ ನೋವು ಬಂತು. ಎರಡನೆಯ ಸಲ ಗೆಣ್ಣುಗಳ ಮೇಲೆ ಬಿತ್ತು. ಅವನು ಕಲ್ಲಿನ ಮೇಲೆಯೇ ವಾಂತಿ ಮಾಡಿಕೊಂಡ. ಮೂರನೆಯದಕ್ಕೆ ಕೊಡಲಿ ಮೇಲೇರಿತ್ತು.

"ಬಿಡಣ್ಣ," ಎಂದ ಮೈಲಾರೇಶ ಕೌದಿಯ ಮೇಲಿಂದ. "ಅಂವ ಹೇಳಿದ್ದು ಖರೆ. ನಿಂಗೂ ಕೇಳಿತ್ತು, ನಂಗೂ ಕೇಳಿತ್ತು."

ಯರ್ರೆಪ್ಪ ಕೈ ಬಿಟ್ಟು ಎದ್ದು ಹಿಂದೆ ಸರಿದ. ಹುಲುಗೇಶ ಕೊಡಲಿಯನ್ನು ಹಾಗೆಯೇ ಎತ್ತಿ ಹಿಡಿದು ನಿಂತಿದ್ದ. ಆಮೇಲೆ ಅದನ್ನು ಗದ್ದೆಯ ಮಣ್ಣಿಗೆ ಬಿಸಾಕಿ ಬದುವಿನ ಮೇಲೆ ಕೂತ. ತಮ್ಮನ ಕಡೆಗಾಗಲಿ ಹೆಂಡತಿಯ ಕಡೆಗಾಗಲಿ ನೋಡಲಿಲ್ಲ.

ನಾಗಲಿಂಗಮ್ಮ ಒಲೆಯ ಕಲ್ಲಿಗೆ ಕೈಯೂರಿ ಎದ್ದಳು. ಹಿಟ್ಟು ಮೆತ್ತಿದ ಕೈಯಿಂದ ಬಾಯಿ ಒರೆಸಿಕೊಂಡು, ಒಂದು ಪಕ್ಕೆ ಹಿಡಿದುಕೊಂಡು ಮೈದುನನ ಹತ್ತಿರ ಹೋದಳು.

"ಒಂಬತ್ತು ದಿನ ಆಸ್ಪತ್ರಿಯಾಗ ಸುಮ್ನಿದ್ದಿ. ಈಗ ನನಗ ಬೀಳೋವಾಗ್ಲೂ ಸುಮ್ನಿದ್ದಿ. ಯಾಕಪ್ಪ?"

"ಅಣ್ಣಗ ಅಂಜಿದೆ ಅತ್ಗಿ."

ಅವಳು ತಲೆಯಾಡಿಸಿದಳು. ಆಮೇಲೆ ಹಾಲಸ್ವಾಮಿಯ ಕಡೆ ತಿರುಗಿದಳು. ತನ್ನ ಕೈ ನೋಡಿ ಅಯ್ಯೋ ಅನ್ನುತ್ತಾಳೆ ಎಂದುಕೊಂಡ ಅವನು.

"ನೀನು? ನೀ ಯಾಕ ಮೊದ್ಲ ಹೇಳಲಿಲ್ಲ?" ಎಂದಳು.

ಮುರಿದ ಕೈಯನ್ನು ಎತ್ತಿ ತೋರಿಸಿದರೆ ಅದೇ ಉತ್ತರವಾದೀತು ಎಂದು ಅವನಿಗೆ ಅನಿಸಿತ್ತು. ಅಷ್ಟರಲ್ಲಿ ಅವಳು ನೀರಿನ ಕೊಡಕ್ಕೆ ಬಗ್ಗಿದಳು. ಕುಪ್ಪಸ ಬೆನ್ನ ಉದ್ದಕ್ಕೂ ಹರಿದು ರಕ್ತದಲ್ಲಿ ಅಂಟಿಕೊಂಡಿರುವುದು ಕಾಣಿಸಿತು. ಹಾಲಸ್ವಾಮಿ ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಕೂತ, ತೋರಿಸಲಿಲ್ಲ.