ಗುಜರಿಯಲ್ಲಿ ಬಂದ ದೇವರು

"ಕಬ್ಣ ಕಣ್ರೋ ಅದು! ನಿಮ್ಮಪ್ಪನ ಸಮಾಧಿಯಾ, ಸುತ್ತ ನಿಂತ್ಕೊಂಡು ನೋಡೋಕೆ? ಲೇ ದೇವಯ್ಯ, ಗ್ಯಾಸ್ ಹಚ್ಚಲೇ ಬೋಳಿಮಗನೆ!"

ದೇವಯ್ಯ ಅಂದರೆ ನಾನೇ. ಬೈದವನು ನಮ್ಮ ಮ್ಯಾನೇಜರ್ ಸೋಮಶೇಖರ್. ನಂಜನಗೂಡಿನ ಹತ್ತಿರದ ತಾಂಡ್ಯದಲ್ಲಿ ಕಬ್ಬಿಣ ಕರಗಿಸುವ ಒಂದು ಫ್ಯಾಕ್ಟರಿ; ಗುಜರಿಯನ್ನು ಗ್ಯಾಸ್ ಉರಿಯಲ್ಲಿ ಕತ್ತರಿಸುವುದು ನನ್ನ ಕೆಲಸ. ಯಾವುದೋ ಮರಳುಗಾಡಿನ ದೇಶದಲ್ಲಿ ಯುದ್ಧ ಮುಗಿದಿತ್ತಂತೆ. ಅಲ್ಲಿನ ಮುರುಕಲೆಲ್ಲ ಹಡಗು ಹತ್ತಿ, ಲಾರಿ ಹತ್ತಿ ನಮ್ಮ ಅಂಗಳಕ್ಕೆ ಬಂದು ಬೀಳುತ್ತಿತ್ತು. ಈವತ್ತಿನ ಲಾರಿಯಿಂದ ಉರುಳಿದ್ದು ಮೊಳದುದ್ದದ ಒಂದು ಶೆಲ್ಲು, ಫಿರಂಗಿಯ ಗುಂಡು. ಸಿಡಿಯದೆ ಉಳಿದದ್ದು. ಹಿಂದಿನ ವಾರ ಇದರ ಅರ್ಧವೂ ಇಲ್ಲದ ಒಂದು ಚೂರು ಸಿಡಿದು ನನ್ನ ಜೊತೆ ಕತ್ತರಿಸುತ್ತಿದ್ದ ಹುಚ್ಚಯ್ಯನ ಬಲಗೈ ಹೋಯಿತು. ಆಸ್ಪತ್ರೆಯಲ್ಲಿ ಮ್ಯಾನೇಜರು ಹೇಳಿದ್ದು 'ಗ್ಯಾಸ್ ಲೀಕ್' ಎಂದು. ಪೊಲೀಸರಿಗೆ ತಿಳಿದರೆ ಗೇಟಿಗೆ ಬೀಗ ಬೀಳುತ್ತದಲ್ಲ! ಸುಳ್ಳೇಕೆ, ನಾನಂತೂ ಗ್ಯಾಸ್ ಹಚ್ಚದೆ ಎರಡು ಹೆಜ್ಜೆ ಹಿಂದೆ ಸರಿದೆ.

"ಹಚ್ತೀಯೋ, ಕೆಲಸ ಬಿಟ್ಟು ಹೋಗ್ತೀಯೋ?"

ನಾನು ಬಾಯಿ ತೆರೆಯುವ ಮೊದಲೇ ಗುಜರಿ ಆರಿಸುವ ಮಂಚಮ್ಮ "ಅಯ್ಯೋ ಶಿವನೇ!" ಎಂದು ಕೂಗಿ ಅಡ್ಡಬಿದ್ದಳು. ಮುಡಿಯಲ್ಲಿದ್ದ ಚೆಂಡುಹೂ ಕಿತ್ತು ದೂರದಿಂದಲೇ ಶೆಲ್ಲಿನ ಮೇಲೆ ಎಸೆದಳು. ಸೆರಗಿನ ಗಂಟು ಬಿಚ್ಚಿ ವಿಭೂತಿ ಎರಚಿದಳು.

"ಲಿಂಗ ಕಣ್ರಪ್ಪೋ ಇದು! ನಂಜುಂಡಯ್ನೇ ಬಂದವ್ನೆ! ಯಾವನ್ಲಾ ಇದ್ಕೆ ಬೆಂಕಿ ಮಡಗೋನು? ಮಡಗ್ಲಿ ನೋಡ್ತೀನಿ!"

ಹೇಳುತ್ತಲೇ ನನ್ನ ಕಡೆ ಕಣ್ಣು ಮಿಟುಕಿಸಿದಳು. ನಾನೂ ದೊಪ್ಪನೆ ಬಿದ್ದೆ. ನಮ್ಮವರೆಲ್ಲ ಬಿದ್ದರು. ಅಷ್ಟು ಭಕ್ತಿ ನಮಗೆ ಎಲ್ಲಿಂದ ಬಂತೋ, ಆ ನಂಜುಂಡಯ್ಯನೇ ಬಲ್ಲ.

ಸೋಮಶೇಖರ್ ಹಣೆತುಂಬ ವಿಭೂತಿ ಧರಿಸುವ ಆಸಾಮಿ. ದೇವರನ್ನು ಕತ್ತರಿಸು ಎನ್ನಲು ಅವನಿಗೆ ನಾಲಗೆ ಏಳಲಿಲ್ಲ. ಜೀಪು ಕಳಿಸಿ ನಂಜನಗೂಡಿನಿಂದ ಪುರೋಹಿತ ಕೃಷ್ಣಪ್ರಸಾದರನ್ನು ಕರೆಸಿದ.

"ಏನೋ ಒಂದು ಮಂತ್ರ ಹೇಳಿ ದೇವ್ರನ್ನ ಕಳಿಸ್ಬಿಡಿ ಸ್ವಾಮಿ. ಸಂಜೆ ಫರ್ನೇಸಿಗೆ ಮಾಲು ಬೇಕು."

ಪುರೋಹಿತರು ಶೆಲ್ಲಿಗಿಂತ ಮೊದಲು ನಮ್ಮನ್ನು ನೋಡಿದರು. ಪಂಚೆ ಎತ್ತಿ ಹಿಡಿದುಕೊಂಡರು.

"ಏಯ್, ದೂರ ಹೋಗ್ರೋ! ಗೇಟ್ ಹತ್ರ ನಿಲ್ಲಿ. ಇದನ್ನ ನೀವು ಯಾರೂ ಮುಟ್ಟಕೂಡದು. ಮೈಲಿಗೆ."

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಹೋಟೆಲಿನಲ್ಲಿ, ಬಾವಿಕಟ್ಟೆಯಲ್ಲಿ. ಕೇಳಿದಾಗೆಲ್ಲ ಮೈ ಉರಿದಿದೆ. ಈವತ್ತೂ ಉರಿಯಿತು. ಪಕ್ಕಕ್ಕೆ ತಿರುಗಿದರೆ ಮಂಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾಳೆ!

ಮಂತ್ರ ಮುಗಿಯಿತು. ದೇವರು ಹೊರಟುಹೋದನಂತೆ.

"ಬರ್ರೋ, ಎತ್ಕೊಂಡೋಗಿ ಕಟ್ ಮಾಡಿ," ಎಂದ ಸೋಮಶೇಖರ್.

ಯಾರೂ ಅಲ್ಲಾಡಲಿಲ್ಲ. ಮಂಚಮ್ಮ ಕೈಮುಗಿದಳು.

"ಅದೆಂಗಾದದು ಸಾ? ಅಯ್ನೋರು ಮುಟ್ಬ್ಯಾಡಿ ಅಂದವ್ರಲ್ಲಾ. ನಮ್ ಮೈಲ್ಗೆ ಯಾಕೆ ತಟ್ಬೇಕು? ಮಡಿಯಾಗಿರೋರು ನೀವೇ ಎತ್ಕೊಳಿ."

ಸೋಮಶೇಖರ್ ಪುರೋಹಿತರ ಮುಖ ನೋಡಿದ.

"ನಾನು ಮಂತ್ರ ಹೇಳೋಕೆ ಬಂದವನು ಕಣ್ರೀ," ಎಂದು ಅವರು ಹಿಂದೆ ಹಿಂದೆ ಸರಿದು ಜೀಪು ಹತ್ತಿಯೇಬಿಟ್ಟರು. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

"ಮೈಲಿಗೇನೂ ಇಲ್ಲ, ಮಣ್ಣೂ ಇಲ್ಲ! ಬಂದು ಮುಟ್ರೋ!" ಸೋಮಶೇಖರನ ದನಿ ಕೀಚಲಾಗಿತ್ತು. "ಮುಟ್ರಪ್ಪಾ, ನಿಮ್ ದಮ್ಮಯ್ಯ!"

ಮುಟ್ಟಿ ಎಂದು ನಮ್ಮನ್ನು ಅಂಗಲಾಚಿದವರನ್ನು ನಾನಂತೂ ಕಂಡಿರಲಿಲ್ಲ. ಎದೆಯೊಳಗೆ ಏನೋ ಹಗುರವಾಯಿತು. ಒಂದು ಹೆಜ್ಜೆ ಮುಂದೆ ಬಂದೆ.

"ಬಾಂಬ್ ಬಿಚ್ಚೋರ್ನ ಮೈಸೂರಿಂದ ಕರ್ಸಿ ಸಾ," ಎಂದೆ. "ಹುಚ್ಚಯ್ಯನ ಕೈ ಎಂಗೋಯ್ತು ಅಂತ ಪೊಲೀಸ್ನೋರಿಗೆ ನೀವೇ ಏಳಿ. ಆಮ್ಯಾಕೆ ಬತ್ತೀವಿ. ಅಲ್ಲೀಗಂಟ ಮುಟ್ಟಾಕಿಲ್ಲ."

ಎಲ್ಲರೂ ಹೊರಗೆ ಬಂದೆವು. ಗೇಟನ್ನು ನಾವೇ ಎಳೆದು ಮುಚ್ಚಿದೆವು. ಒಳಗೆ ಉಳಿದವರು ಇಬ್ಬರೇ: ಸೋಮಶೇಖರ್, ಮತ್ತು ಚೆಂಡುಹೂ ಮುಡಿದ ಆ ಶೆಲ್ಲು.